ಬೇಸಗೆಯ ತಾಪವೂ ಪಾನಕದ ತಂಪೂ

ಚೈತ್ರ ಶುದ್ಧ ನವಮಿಯ ದಿನ ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಬೀದಿಯಲ್ಲಿ ನಡೆಯುವವನಿಗೆ ಬಾಯಾರಿಕೆಯ ಭಯವಿಲ್ಲ. ಅಲ್ಲಲ್ಲಿ ಚಪ್ಪರ, ಚಪ್ಪರದ ಕೆಳಗೆ ಬೆಲ್ಲದ ಪಾನಕ, ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ. 1939ರಲ್ಲಿ ಸ್ಥಾಪಿತವಾದ ಶ್ರೀರಾಮಸೇವಾ ಮಂಡಲಿಯ ಸಂಗೀತೋತ್ಸವಕ್ಕೆಂದು ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ಹೋಗುವ ರಸಿಕರು ಕಿವಿಗೆ ರಾಗವನ್ನೂ ಗಂಟಲಿಗೆ ಪಾನಕವನ್ನೂ ಒಟ್ಟಿಗೆ ನೆನೆಯುತ್ತಾರೆ. ನಮ್ಮ ಹಿರಿಯರು ಹಬ್ಬದ ನೆವದಲ್ಲಿ ಋತುವಿಗೆ ತಕ್ಕ ಆಹಾರವನ್ನು ರೂಢಿಗೆ ತಂದರು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆ ಮಾತಿನಲ್ಲಿ ಎಷ್ಟು ಸತ್ಯಾಂಶವಿದೆ?

ನಾನು ತರಗತಿಯಲ್ಲಿ ಶಾಖದ ಪಾಠವನ್ನು ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: "ಸಾರ್, ಹೆಸರುಬೇಳೆ ತಂಪು, ಹುರುಳಿ ಉಷ್ಣ ಎಂದು ನಮ್ಮ ಅಜ್ಜಿ ಹೇಳುತ್ತಾರೆ. ಒಂದೇ ಕೋಣೆಯಲ್ಲಿಟ್ಟ ಎರಡು ಡಬ್ಬಗಳಿಗೂ ಉಷ್ಣಮಾಪಕವನ್ನು ಹಿಡಿದರೆ ಒಂದೇ ಅಂಕ ಬರುವುದಿಲ್ಲವೆ?" ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗೆಯದಾಗಿರಲಿಲ್ಲ. ಆ ಹೊತ್ತಿಗೆ ನನಗೆ ತೃಪ್ತಿಕರವಾದ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಈ ಲೇಖನವೇ ಆ ಉತ್ತರ.

ದೇಹವೆಂಬ ಒಲೆ

ಸುಮ್ಮನೆ ಕುಳಿತಿರುವ ವಯಸ್ಕನ ದೇಹವೂ ಗಂಟೆಗೆ ಸುಮಾರು 75 ಕಿಲೊಕ್ಯಾಲೊರಿ ಶಾಖವನ್ನು ಉತ್ಪಾದಿಸುತ್ತದೆ. ಈ ಶಾಖವು ಹೊರಗೆ ಹೋಗದೆ ಒಳಗೇ ಉಳಿಯಿತೆನ್ನಿ. 60 ಕಿಲೊಗ್ರಾಂ ತೂಕದ ದೇಹದ ಉಷ್ಣತೆಯು ಗಂಟೆಗೆ ಒಂದೂವರೆ ಡಿಗ್ರಿಯಂತೆ ಏರುತ್ತ, ಎರಡೇ ಗಂಟೆಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದು. ಹಾಗಾಗದಿರುವುದಕ್ಕೆ ಕಾರಣ, ಚರ್ಮವು ಶಾಖವನ್ನು ಸದಾ ಹೊರಕ್ಕೆ ಸಾಗಿಸುತ್ತಿರುವುದು. ಗಾಳಿಯು ಚರ್ಮಕ್ಕಿಂತ ತಣ್ಣಗಿರುವವರೆಗೆ ವಹನ, ಸಂವಹನ, ವಿಕಿರಣಗಳು ಈ ಕೆಲಸವನ್ನು ಮಾಡುತ್ತವೆ. ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ. ಹೊರಗಿನ ಗಾಳಿ ಅದನ್ನು ಮೀರಿತೆಂದರೆ ಪ್ರವಾಹವು ತಿರುಗಿಬೀಳುತ್ತದೆ. ಶಾಖವು ಹೊರಗಿನಿಂದ ಒಳಕ್ಕೆ ಹರಿಯತೊಡಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೂ ಈ ಅನುಭವ ಹೊಸದಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಯಿತು.

ಆಗ ಉಳಿಯುವ ಆಸರೆ ಬೆವರೊಂದೇ. ಒಂದು ಲೀಟರು ಬೆವರು ಚರ್ಮದ ಮೇಲೆ ಆವಿಯಾಗಬೇಕಾದರೆ ಸುಮಾರು 580 ಕಿಲೊಕ್ಯಾಲೊರಿ ಗುಪ್ತೋಷ್ಣ ಬೇಕು. ಅದನ್ನು ದೇಹದಿಂದಲೇ ಅದು ಕಿತ್ತುಕೊಳ್ಳುತ್ತದೆ. ಇದರ ಶಕ್ತಿಯನ್ನು ತೋರಿಸಿದ ಪ್ರಯೋಗವೊಂದು ಚಾರ್ಲ್ಸ್ ಬ್ಲಾಗ್ಡನ್ ಎಂಬ ಇಂಗ್ಲಿಷ್ ವೈದ್ಯನದು. 1775ರಲ್ಲಿ ಆತ ಅದರ ವರದಿಯನ್ನು ಪ್ರಕಟಿಸಿದ. ನೂರಿಪ್ಪತ್ತು ಡಿಗ್ರಿಯನ್ನು ಮೀರಿ ಕಾಯಿಸಿದ ಒಣಗಾಳಿಯ ಕೋಣೆಯೊಳಗೆ ಆತ ಕೆಲವು ನಿಮಿಷ ನಿಂತು ಕ್ಷೇಮವಾಗಿ ಹೊರಬಂದ. ಅದೇ ಕೋಣೆಯಲ್ಲಿಟ್ಟ ಮೊಟ್ಟೆ ಬೆಂದು ಗಟ್ಟಿಯಾಯಿತು. ಮೊಟ್ಟೆಗೆ ಬೆವರುವ ವಿದ್ಯೆ ತಿಳಿಯದು!

ಹೂಜಿಯ ಪಾಠ

ಮೂಲೆಯಲ್ಲಿ ಕುಳಿತ ಮಣ್ಣಿನ ಹೂಜಿಯೂ ಇದೇ ವಿದ್ಯೆಯನ್ನು ಬಲ್ಲುದು. ಸೂಕ್ಷ್ಮರಂಧ್ರಗಳಿಂದ ಹೊರಕ್ಕೆ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಣಿಸುತ್ತದೆ. ಹತ್ತು ಲೀಟರು ನೀರಿನಲ್ಲಿ ಕೇವಲ 100 ಗ್ರಾಂ ಆವಿಯಾದರೆ, ಹೊರಗಿನ ಶಾಖ ಒಳಹೋಗದಿದ್ದಲ್ಲಿ, ಮಿಕ್ಕ ನೀರಿನ ಉಷ್ಣತೆ ಆರು ಡಿಗ್ರಿಯಷ್ಟು ಇಳಿಯುತ್ತದೆ. ಆದರೆ ಇದಕ್ಕೊಂದು ಎಲ್ಲೆಯುಂಟು. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಆವಿಯಾಗುವಿಕೆ ಕುಂದುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ ಗಾಳಿ ಬೀಸಿದಾಗ ಅದು ತೋರಿಸುವ ಅಂಕವೇ ಆ ಎಲ್ಲೆ. 34 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆಯು ಶೇಕಡ 30 ಇದ್ದರೆ ಈ ಅಂಕವು ಸುಮಾರು 21. ಬೆಂಗಳೂರಿನ ಒಣ ಮಧ್ಯಾಹ್ನಗಳು ಹೀಗಿರುವುದುಂಟು. ಅಷ್ಟೇ ಬಿಸಿಯ, ಆದರೆ ಶೇಕಡ 65 ಆರ್ದ್ರತೆಯ ಕರಾವಳಿಯ ಗಾಳಿಯಲ್ಲಿ ಸುಮಾರು 28. ಮಂಗಳೂರಿನ ಸೆಕೆ ಬೆಂಗಳೂರಿನವರನ್ನು ಹಣ್ಣುಮಾಡುವುದೇಕೆಂಬುದು ಈಗ ತಿಳಿಯಿತಷ್ಟೆ? ಅಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ನೆಲಕ್ಕೆ ತೊಟ್ಟಿಕ್ಕಿದ ಬೆವರು ದೇಹವನ್ನು ತಣಿಸಲಾರದು.

ಗ್ರಂಥದ ಗ್ರೀಷ್ಮ, ನಮ್ಮ ಗ್ರೀಷ್ಮ

ಇನ್ನು ಆಯುರ್ವೇದದ ಕಡೆಗೆ ತಿರುಗೋಣ. ವಾಗ್ಭಟನ 'ಅಷ್ಟಾಂಗಹೃದಯ'ದ ಸೂತ್ರಸ್ಥಾನದ ಮೂರನೆಯ ಅಧ್ಯಾಯವು ಋತುಚರ್ಯೆಗೆ ಮೀಸಲು. ಗ್ರೀಷ್ಮದಲ್ಲಿ ಸೂರ್ಯನು ಜಗತ್ತಿನ ಸಾರವನ್ನು ಹೀರುತ್ತಾನೆ. ಆದುದರಿಂದ ಖಾರ, ಹುಳಿ, ಉಪ್ಪು, ವ್ಯಾಯಾಮ, ಬಿಸಿಲುಗಳನ್ನು ಬಿಟ್ಟು, ಮಧುರವೂ ಲಘುವೂ ಶೀತಲವೂ ದ್ರವವೂ ಆದ ಆಹಾರವನ್ನು ಸೇವಿಸಬೇಕೆಂಬುದು ಅದರ ಇಂಗಿತ. ಹೊಸ ಮಣ್ಣಿನ ಪಾತ್ರೆಯಲ್ಲಿಟ್ಟ ಪಾನಕವನ್ನೂ ಅದು ಹೇಳುತ್ತದೆ. ಇತರ ಋತುಗಳಲ್ಲಿ ಸಲ್ಲದ ಹಗಲುನಿದ್ರೆಗೆ ಗ್ರೀಷ್ಮದಲ್ಲಿ ಅನುಮತಿಯುಂಟು. ಬೇಸಗೆಯಲ್ಲಿ ಪಿತ್ತ ಕೆರಳುತ್ತದೆಂದು ಜನ ಹೇಳುವುದುಂಟು. ಗ್ರಂಥದ ಕ್ರಮದಲ್ಲಿಯಾದರೋ ಗ್ರೀಷ್ಮದಲ್ಲಿ ಸಂಚಯವಾಗುವುದು ವಾತ. ಪಿತ್ತವು ಕೆರಳುವುದು ಶರತ್ತಿನಲ್ಲಿ.

ಇಲ್ಲೊಂದು ಸ್ವಾರಸ್ಯವಿದೆ. ಈ ಗ್ರಂಥದ ಗ್ರೀಷ್ಮವೆಂದರೆ ಜ್ಯೇಷ್ಠ, ಆಷಾಢ ಮಾಸಗಳು. ಉತ್ತರದ ಬಯಲಿಗೆ ಅದು ಹೊಂದೀತು. ಬೆಂಗಳೂರಿನಲ್ಲಿ ಕಡುಬಿಸಿಲು ಬೀಳುವುದು ಚೈತ್ರ, ವೈಶಾಖಗಳಲ್ಲಿ. ಜ್ಯೇಷ್ಠದ ಹೊತ್ತಿಗೆ ಮುಂಗಾರು ಬಾಗಿಲು ತಟ್ಟುತ್ತಿರುತ್ತದೆ. ನಮ್ಮ ಊರಿನವರು ಪಂಚಾಂಗದ ಗ್ರೀಷ್ಮಕ್ಕೆ ಕಾಯದೆ ರಾಮನವಮಿಗೇ ಪಾನಕ ಮಾಡುವುದು ಹವೆಗೆ ತಕ್ಕುದೇ ಆಗಿದೆ.

ಪಾನಕದ ಲೆಕ್ಕ

ಹೂಜಿಯ ನೀರಿನಲ್ಲಿ ಕದಡಿದ 22 ಡಿಗ್ರಿಯ ಪಾನಕವನ್ನು ಒಂದು ದೊಡ್ಡ ಲೋಟ, ಎಂದರೆ 250 ಮಿಲಿಲೀಟರಿನಷ್ಟು, ಕುಡಿದಿರೆನ್ನಿ. ಅದು ದೇಹದ 37 ಡಿಗ್ರಿಗೆ ಏರುವಾಗ ಹೀರುವ ಶಾಖವು ನಾಲ್ಕು ಕಿಲೊಕ್ಯಾಲೊರಿಗೂ ಕಡಮೆ. ಅಷ್ಟೇ ನೀರು ಬೆವರಾಗಿ ಚರ್ಮದ ಮೇಲೆ ಆರಿದರೆ ಹೊರಹೋಗುವ ಶಾಖವು 145 ಕಿಲೊಕ್ಯಾಲೊರಿ. ಎಂದರೆ ಪಾನಕದ ನಿಜವಾದ ತಂಪು ಗಂಟಲಿನಲ್ಲಿಲ್ಲ, ಬೆವರಿನಲ್ಲಿದೆ. ಅದು ನಲವತ್ತು ಪಾಲು ಹೆಚ್ಚು. ಮಂಜುಗಡ್ಡೆ ಇಲ್ಲವೆಂದು ಕೊರಗಬೇಕಾಗಿಲ್ಲ.

ಬೆವರಿನೊಡನೆ ಉಪ್ಪೂ ಹೋಗುತ್ತದೆ. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಸೇರುವಾಗ ನೀರೂ ಅವುಗಳನ್ನು ಹಿಂಬಾಲಿಸುತ್ತದೆ. 1971ರಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಸಕ್ಕರೆ, ಉಪ್ಪು ಬೆರೆಸಿದ ನೀರಿನಿಂದ ಕಾಲರಾ ರೋಗಿಗಳನ್ನು ಉಳಿಸಿದ್ದು ಈ ತತ್ತ್ವದ ಬಲದಿಂದಲೇ. ಬೆಲ್ಲದ ಪಾನಕದಲ್ಲಿ ಸಿಹಿಯುಂಟು, ಉಪ್ಪು ಕಡಮೆ. ಆ ಕೊರತೆಯನ್ನು ಪಕ್ಕದ ನೀರುಮಜ್ಜಿಗೆ ತುಂಬುತ್ತದೆ. ಗ್ರಂಥವು ಉಪ್ಪನ್ನು ಕಡಮೆ ಮಾಡೆನ್ನುತ್ತದಲ್ಲ ಎಂದು ನೀವು ಕೇಳಬಹುದು. ನೆರಳಿನಲ್ಲಿ ವಿಶ್ರಮಿಸುವವನಿಗೆ ಆ ಮಾತು ಸರಿ; ಬಿಸಿಲಿನಲ್ಲಿ ಬೆವರಿಳಿಸಿ ದುಡಿಯುವವನಿಗೆ ಕಳೆದುಕೊಂಡ ಉಪ್ಪು ಮರಳಿ ಬೇಕು. ಮಧುಮೇಹದವರು ಪಾನಕಕ್ಕಿಂತ ಮಜ್ಜಿಗೆಯನ್ನೇ ಆರಿಸುವುದು ಲೇಸು.

ಅಜ್ಜಿಯ 'ತಂಪು'

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಆಯುರ್ವೇದದ ಶೀತ, ಉಷ್ಣಗಳು ಪದಾರ್ಥದ ಉಷ್ಣತೆಯನ್ನು ಕುರಿತವಲ್ಲ. ತಿಂದ ಮೇಲೆ ಶರೀರದಲ್ಲಿ ಅದು ತೋರುವ ಪರಿಣಾಮವನ್ನು ಕುರಿತವು. ಅದಕ್ಕೆ 'ವೀರ್ಯ'ವೆಂದು ಹೆಸರು. ಉಷ್ಣಮಾಪಕಕ್ಕೆ ಅದು ನಿಲುಕದು. ತಂಪಿನ ಅನುಭವವೂ ಶಾಖದ ಲೆಕ್ಕವೂ ಬೇರೆ ಬೇರೆ ಎಂಬುದನ್ನು ಆಧುನಿಕ ವಿಜ್ಞಾನವೂ ಒಪ್ಪುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರದ ತುದಿಯಲ್ಲಿ ಬಿಸಿಯನ್ನು ಅರಿಯುವ ಗ್ರಾಹಕವನ್ನೂ, ಪುದೀನದ ಮೆಂಥಾಲ್ ತಂಪನ್ನು ಅರಿಯುವ ಗ್ರಾಹಕವನ್ನೂ ಎಚ್ಚರಿಸುತ್ತವೆ. ಬಿಸಿಯನ್ನು ಅರಿಯುವ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಮೆಂಥಾಲ್ ತಿಂದವನ ಬಾಯಿ ತಂಪಾಯಿತೆಂದು ನರವು ಸುದ್ದಿ ಕಳುಹಿಸುತ್ತದೆ. ಅಷ್ಟರಿಂದಲೇ ದೇಹದ ಶಾಖ ಇಳಿದಿರುವುದಿಲ್ಲ. ಇದರಿಂದ ಹೆಸರುಬೇಳೆಯ ತಂಪು ಸಿದ್ಧವಾಯಿತೆಂದು ಹೇಳಲಾಗದು. ಆದರೆ ಅಜ್ಜಿಯ ಮಾತಿಗೆ ಉಷ್ಣಮಾಪಕವು ತಕ್ಕ ಪರೀಕ್ಷೆಯಲ್ಲವೆಂಬುದಂತೂ ನಿಶ್ಚಯ.

ಪಾನಕವು ನಿಲ್ಲುವ ಕಡೆ

ಈ ಭೇದವು ಬರಿಯ ಶಬ್ದಚರ್ಚೆಯಲ್ಲ. ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಓಟದ ಅಭ್ಯಾಸದಲ್ಲಿದ್ದ ಹುಡುಗನೊಬ್ಬ ಮೈದಾನದಲ್ಲಿ ಕುಸಿದ. ಮೈ ಕೆಂಡದಂತಿತ್ತು, ಮಾತು ತೊದಲುತ್ತಿತ್ತು. ಬಾಯಿಗೆ ಪಾನಕ ಹೊಯ್ಯಲು ಲೋಟ ಹಿಡಿದು ಓಡಿದವರಲ್ಲಿ ನಾನೂ ಒಬ್ಬ. ದೈಹಿಕ ಶಿಕ್ಷಣದ ಅಧ್ಯಾಪಕರು ನನ್ನ ಕೈಯನ್ನು ತಡೆದರು. ಎಚ್ಚರ ತಪ್ಪುತ್ತಿರುವವನಿಗೆ ಕುಡಿಸಿದರೆ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಅವರು ಅವನನ್ನು ನೆರಳಿಗೆ ಎಳೆದು, ಬಕೀಟುಗಟ್ಟಲೆ ನೀರು ಸುರಿಸಿ, ರಟ್ಟಿನಿಂದ ಗಾಳಿ ಬೀಸಿಸುತ್ತ ಆಸ್ಪತ್ರೆಗೆ ಸಾಗಿಸಿದರು. ಹುಡುಗ ಬದುಕಿದ. ದೇಹದ ಉಷ್ಣತೆ 40 ಡಿಗ್ರಿಯನ್ನು ಮೀರಿ ಬುದ್ಧಿ ಮಂಕಾದರೆ ಅದು ಉಷ್ಣಾಘಾತ. ಆಗ ಹೊರಗಿನಿಂದ ತಣಿಸುವುದೊಂದೇ ದಾರಿ. ಒಡನೆಯೇ 108ಕ್ಕೆ ಕರೆ ಮಾಡತಕ್ಕದ್ದು. ತಂಪೆನಿಸುವ ಯಾವ ಪದಾರ್ಥವೂ ಅದಕ್ಕೆ ಬದಲಿಯಾಗಲಾರದು.

ಋತುಚರ್ಯೆಯು ಆಪತ್ತು ಬರುವುದಕ್ಕೆ ಮುಂಚಿನ ಎಚ್ಚರ. ನಡುಹಗಲಿನ ಬಿಸಿಲನ್ನು ಬಿಡುವುದು, ಶ್ರಮವನ್ನು ತಗ್ಗಿಸುವುದು, ಬಾಯಾರುವ ಮುನ್ನ ಕುಡಿಯುವುದು ಇವೇ ಅದರ ತಿರುಳು. ಇವಿಷ್ಟಕ್ಕೂ ಭೌತಶಾಸ್ತ್ರದ ಒಪ್ಪಿಗೆಯುಂಟು. ಈ ಬೇಸಗೆಯಲ್ಲಿ ಎರಡು ಉಷ್ಣಮಾಪಕಗಳನ್ನು ತಂದು, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ಬೀಸಣಿಗೆಯ ಮುಂದೆ ಹಿಡಿದು, ಅಂಕಗಳನ್ನು ದಿನವೂ ಬರೆದಿಡಿ. ಎರಡರ ಅಂತರವು ಕುಗ್ಗಿದ ದಿನ ಆಟದ ಮೈದಾನದಿಂದ ಬೇಗನೆ ಮನೆಗೆ ಮರಳಿ. ಹೂಜಿಯ ನೀರೂ ಆ ದಿನ ಅಷ್ಟಾಗಿ ತಣ್ಣಗಿರದು.