ಗೂಡಿನೊಳಗಿನ ಗಡಿಯಾರ

ಹಣ್ಣಾದ ರೇಷ್ಮೆಹುಳು ಚಂದ್ರಿಕೆ ಎಂಬ ತಟ್ಟೆಯ ಮೇಲೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸಿ, ಅದರೊಳಗೇ ಕೋಶಾವಸ್ಥೆಗೆ ಹೊರಳುತ್ತದೆ. ಮತ್ತೆ ಹತ್ತು ಹನ್ನೆರಡು ದಿನ ಹಾಗೇ ಬಿಟ್ಟರೆ ಪತಂಗ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಅಖಂಡ ಎಳೆ ತೆಗೆಯಲಾಗದು. ಆದ್ದರಿಂದ ಹನೂರಿನ ಬೆಳೆಗಾರ ಹುಳು ಚಂದ್ರಿಕೆಗೆ ಏರಿದ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಯ ದಾರಿ ಹಿಡಿಯಲೇಬೇಕು. ಒಳಗಿನ ಜೀವ ಉಸಿರಾಡುತ್ತಲೇ ಇರುವುದರಿಂದ ತೂಕವೂ ದಿನದಿನಕ್ಕೆ ಇಳಿಯುತ್ತದೆ. ರಾಗಿಯಂತೆ ಕಣಜದಲ್ಲಿಟ್ಟು ಬೆಲೆ ಕಾಯುವ ಸರಕು ಇದಲ್ಲ.

ಕೊಳ್ಳೇಗಾಲ ಸೀಮೆಯ ರೇಷ್ಮೆಯ ಪೂರೈಕೆ ಸರಪಳಿ ಕಟ್ಟಿಕೊಂಡಿರುವುದೇ ಈ ಗಡಿಯಾರದ ಸುತ್ತ. ಚಾಕಿ (ಎಳೆಹುಳು) ಸಾಕುವವರು, ಹಿಪ್ಪುನೇರಳೆ ತೋಟದವರು, ನೂಲು ಬಿಚ್ಚುವ ರೀಲರುಗಳು, ಹುರಿ ಹಾಕುವವರು, ಬಣ್ಣದವರು, ನೇಕಾರರು: ಬಹುತೇಕ ಎಲ್ಲರೂ ಸಣ್ಣ ಹಿಡುವಳಿಯವರು, ಸಣ್ಣ ಉದ್ಯಮದವರು. ಗೂಡಿನ ವಹಿವಾಟನ್ನು ಸರ್ಕಾರಿ ಮಾರುಕಟ್ಟೆಯ ಕಟ್ಟುಪಾಡಿಗೆ ತಂದ 1959ರ ಕಾಯ್ದೆಯ ಮೇಲೆಯೇ ಇಂದಿನ ಡಿಜಿಟಲ್ ಹರಾಜಿನ ಪದರವೂ ನಿಂತಿದೆ.

ರಾಮನಗರದಂಥ ಮಾರುಕಟ್ಟೆಗಳಲ್ಲಿ ನೆಲೆಯೂರಿರುವ ಇ-ಹರಾಜಿನ ಕ್ರಮ ಸರಳ. ಬಂದ ಗೂಡಿಗೆ ಲಾಟ್ ಸಂಖ್ಯೆ ಸಿಗುತ್ತದೆ. ಪರವಾನಗಿ ಪಡೆದ ರೀಲರುಗಳು ಗೂಡನ್ನು ನೋಡಿ, ಗೊತ್ತಾದ ಅವಧಿಯೊಳಗೆ ಮೊಬೈಲಿನಲ್ಲಿ ಬೆಲೆ ನಮೂದಿಸುತ್ತಾರೆ. ಅತಿ ಹೆಚ್ಚಿನ ಬೆಲೆ ಒಪ್ಪಿಗೆಯಾದರೆ ಬೆಳೆಗಾರ ಕೊಡಬಹುದು, ಇಲ್ಲವಾದರೆ ನಿರಾಕರಿಸಬಹುದು. ಬಳಿಕ ವಿದ್ಯುನ್ಮಾನ ತಕ್ಕಡಿಯ ತೂಕ, ಬ್ಯಾಂಕ್ ಖಾತೆಗೆ ಹಣ. ಹಿಂದೆ ಹರಾಜುಗಾರ ಲಾಟಿನಿಂದ ಲಾಟಿಗೆ ನಡೆಯುತ್ತ ಕೂಗುತ್ತಿದ್ದ. ಕೊಳ್ಳುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಲೆ ಹೇಳುತ್ತಿದ್ದರು. ಈಗ ನೂರಾರು ಲಾಟುಗಳ ಮೇಲೆ ಏಕಕಾಲಕ್ಕೆ ಬೆಲೆ ಬೀಳುತ್ತದೆ. ರಾಮನಗರ ಕೊಳ್ಳೇಗಾಲದಿಂದ ಎರಡು ಮೂರು ಗಂಟೆಯ ದಾರಿ. ಅಲ್ಲಿನ ಬೆಲೆ ಮನೆಯಲ್ಲೇ ತಿಳಿದರೆ ವ್ಯಾನು ಎತ್ತ ತಿರುಗಬೇಕೆಂಬುದು ಹೊರಡುವ ಮುನ್ನವೇ ತೀರ್ಮಾನವಾಗುತ್ತದೆ. ಕೆಡುವ ಸರಕಿನ ಒಡೆಯನಿಗೆ ಇದು ಸಣ್ಣ ಲಾಭವಲ್ಲ. ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಗಳಲ್ಲಿ ಮೊಬೈಲ್ ಸಂಕೇತ ಕ್ಷೀಣಿಸುವಲ್ಲಿ ಈ ಲಾಭವೂ ಕ್ಷೀಣ.

ಆದರೆ ಸರಪಳಿಯ ಒಂದು ಕೊಂಡಿಯಲ್ಲಿ ಹಣ ವೇಗವಾದಾಗ ಭಾರ ಮುಂದಿನ ಕೊಂಡಿಗೆ ದಾಟುತ್ತದೆ. ರೀಲರ್ ಗೂಡಿಗೆ ಅಂದೇ ಹಣ ಕಟ್ಟಬೇಕು. ಆತನ ನೂಲು ಬಹುಪಾಲು ಸಾಲದ ಮೇಲೆಯೇ ಹೋಗುತ್ತದೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಬಾಕಿ ತೀರಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆದರೂ ಮುಂದಿನ ಲಾಟು ಕೊಳ್ಳಲು ಬೇಕಾದ ಬಂಡವಾಳ ಹಿಂದಿನ ನೂಲಿನಲ್ಲಿ ಸಿಕ್ಕಿಕೊಂಡಿದ್ದರೆ, ಕೈಯಲ್ಲಿನ ಮೊಬೈಲ್ ಆತನಿಗೆ ಹೆಚ್ಚೇನೂ ಮಾಡಲಾರದು.

ಇದಕ್ಕಿಂತ ಆಳದ ಕೊರತೆ ಇನ್ನೊಂದಿದೆ. ಪರದೆಯ ಮೇಲೆ ಬೆಲೆ ಬರೆಯುವ ಮುನ್ನ ರೀಲರ್ ಗೂಡಿನ ರಾಶಿಗೆ ಕೈ ಹಾಕುತ್ತಾನೆ, ಬೆರಳಿನಿಂದ ಒತ್ತಿ ನೋಡುತ್ತಾನೆ, ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಚಿಪ್ಪು ಗಟ್ಟಿಯೇ, ಒಳಗಿನ ಹುಳು ಸತ್ತಿದೆಯೇ ಎಂಬುದು ಸ್ಪರ್ಶದ ಅಂದಾಜು. ಮಿಶ್ರತಳಿಯ ಗೂಡಿನ ತೂಕದಲ್ಲಿ ಚಿಪ್ಪಿನ ಪಾಲು ಆರನೇ ಒಂದು ಭಾಗದ ಆಸುಪಾಸು. ದ್ವಿತಳಿಯಲ್ಲಿ ಐದನೇ ಒಂದು ಭಾಗ, ಕೆಲವೊಮ್ಮೆ ತುಸು ಹೆಚ್ಚು. ಉಳಿದದ್ದು ರೇಷ್ಮೆಯಲ್ಲ, ಜೀವದ ಭಾರ. ಹಾಗಾಗಿ ತಕ್ಕಡಿ ಎಷ್ಟೇ ಕರಾರುವಾಕ್ಕಾಗಿದ್ದರೂ ಅಳೆಯುವುದು ಮುಖ್ಯವಾಗಿ ರೇಷ್ಮೆಯಲ್ಲದ್ದನ್ನೇ.

ನಿಜವಾದ ಅಳತೆ ಹುಟ್ಟುವುದು ನೂಲು ಬಿಚ್ಚುವ ಬಿಸಿನೀರಿನ ಬೇಸಿನ್ನಿನ ಮುಂದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿಯಿತೆಂಬುದನ್ನು ರೆಂಡಿಟಾ ಎನ್ನುತ್ತಾರೆ. ಮಿಶ್ರತಳಿಯಲ್ಲಿ ಏಳೆಂಟು, ಒಳ್ಳೆಯ ದ್ವಿತಳಿಯಲ್ಲಿ ಆರರ ಹತ್ತಿರ. ಹಿಪ್ಪುನೇರಳೆಗೆ ನೀರು ಸಾಲದೆ ಹೋಯಿತೇ, ಹುಳು ಪೊರೆ ಕಳಚುವ ನಾಲ್ಕನೇ ಜ್ವರದ ನಂತರ ಸೊಪ್ಪು ಕಡಿಮೆಯಾಯಿತೇ, ಹಣ್ಣುಹುಳು ಏರುವಾಗ ಮನೆಯಲ್ಲಿ ಗಾಳಿಯಾಡಲಿಲ್ಲವೇ, ಎಲ್ಲದರ ಫಲವೂ ಆ ಒಂದು ಅಂಕಿಯಲ್ಲಿ ಕೂಡಿರುತ್ತದೆ. ಲಾಟ್ ಸಂಖ್ಯೆಯ ಎಳೆ ಹಿಡಿದು ಅದನ್ನು ಬೆಳೆಗಾರನಿಗೆ ಮರಳಿಸಲು ಬೇಕಾದ ಸಾಧನಗಳು ಈಗಾಗಲೇ ಎಲ್ಲರ ಜೇಬಿನಲ್ಲಿವೆ. ಸದ್ಯಕ್ಕೆ ಆ ಅಂಕಿ ಸಾಮಾನ್ಯವಾಗಿ ರೀಲರನ ಪುಸ್ತಕದಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಬೆಳೆಗಾರ ಮುಂದಿನ ಬೆಳೆಯ ಮೊಟ್ಟೆಗೆ ಹೇಳಿಬಂದಿರುತ್ತಾನೆ.