ಅಂಕಣದಾಚೆಯ ಬದುಕು: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಕುರಿತ ಮಾಧ್ಯಮ ಕಥನಗಳು

ಕನ್ನಡದ ಕ್ರೀಡಾಪುಟಗಳಲ್ಲಿ ‘ಅಂಕಣ’ ಎಂಬ ಪದಕ್ಕೆ ಎರಡು ಅರ್ಥಗಳು ಬಳಕೆಯಲ್ಲಿವೆ. ಗೆರೆ ಎಳೆದು ಎಲ್ಲೆ ಗೊತ್ತುಮಾಡಿದ ಆಟದ ನೆಲವೂ ಅಂಕಣವೇ. ಪತ್ರಿಕೆಯಲ್ಲಿ ಕಾಲಕಾಲಕ್ಕೆ ಪ್ರಕಟವಾಗುವ ಬರಹವೂ ಅಂಕಣವೇ. ವೃತ್ತಿಪರ ಆಟಗಾರನು ಮೊದಲನೆಯ ಅಂಕಣದಿಂದ ಹೊರಗೆ ಕಾಲಿಟ್ಟ ಕ್ಷಣದಲ್ಲಿಯೇ ಎರಡನೆಯದರ ಗೆರೆಗಳೊಳಗೆ ಸಿಲುಕುತ್ತಾನೆ. ಮೊದಲನೆಯದರಲ್ಲಿ ನಿಯಮಗಳು ಎಲ್ಲರಿಗೂ ತಿಳಿದಿರುತ್ತವೆ, ತೀರ್ಪುಗಾರನು ಕಣ್ಣೆದುರಿಗೇ ಇರುತ್ತಾನೆ. ಎರಡನೆಯದರ ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ. ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘದ (ಎನ್‌ಬಿಎ) ಕೆಲವು ಆಟಗಾರರ ಖಾಸಗಿ ಬದುಕನ್ನು ಮಾಧ್ಯಮಗಳು ಕಥನವಾಗಿ ಕಟ್ಟಿದ ಬಗೆಯಲ್ಲಿ ಈ ಬರೆಯದ ನಿಯಮಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬೇರೆ ಆಟಗಳಿಗಿಂತ ಬ್ಯಾಸ್ಕೆಟ್‌ಬಾಲ್ ಆಟಗಾರನ ಖಾಸಗಿತನವೇ ಏಕೆ ಇಷ್ಟೊಂದು ಸಾರ್ವಜನಿಕವಾಯಿತು ಎಂಬ ಪ್ರಶ್ನೆ ಸಹಜ. ಅಮೆರಿಕದ ಫುಟ್‌ಬಾಲ್ ಆಟಗಾರನ ಮುಖ ಶಿರಸ್ತ್ರಾಣದೊಳಗೆ ಮರೆಯಾಗಿರುತ್ತದೆ. ಬ್ಯಾಸ್ಕೆಟ್‌ಬಾಲ್ ಆಟಗಾರನ ಮುಖ, ತೋಳು, ಹಚ್ಚೆ, ಕೇಶವಿನ್ಯಾಸ ಎಲ್ಲವೂ ಛಾಯಾಗ್ರಾಹಕನ ಹತ್ತಿರದಲ್ಲಿಯೇ ಇವೆ. ಒಂದು ತಂಡದಲ್ಲಿ ಹದಿನೈದು ಮಂದಿ ಮಾತ್ರ. ಒಂದು ಋತುವಿಗೆ 82 ಪಂದ್ಯಗಳು. ಹೀಗಾಗಿ ನೋಡುಗನಿಗೆ ಆಟಗಾರನು ಬಹುಬೇಗ ಪರಿಚಿತ ‘ಪಾತ್ರ’ವಾಗಿಬಿಡುತ್ತಾನೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಎನ್‌ಬಿಎ ಆಟಗಾರರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನಾಂಗದವರು. ಅವರನ್ನು ಕುರಿತು ಏನು ಪ್ರಕಟವಾಗಬೇಕು ಎಂದು ನಿರ್ಧರಿಸುವ ಕ್ರೀಡಾ ಸಂಪಾದಕರಲ್ಲಿ ಬಹುಪಾಲು ಬಿಳಿಯರು. ನೋಡುವವರು ಯಾರು, ನೋಟಕ್ಕೆ ಒಳಗಾಗುವವರು ಯಾರು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ಕಥನಗಳನ್ನು ಓದಲಾಗದು.

ಈ ಕಥನಗಳ ಹಂದರ ಬಹುಮಟ್ಟಿಗೆ ಮೊದಲೇ ಸಿದ್ಧವಾಗಿರುತ್ತದೆ. ಬಡತನದಿಂದ ಮೇಲೆದ್ದು ಬಂದವನ ಕೃತಜ್ಞತೆ, ದಿಢೀರ್ ಸಂಪತ್ತಿನಿಂದಾದ ಪತನ, ಪ್ರಾಯಶ್ಚಿತ್ತ ಮತ್ತು ಮರಳುವಿಕೆ ಎಂಬ ಮೂರು ನಾಲ್ಕು ಮಾದರಿಗಳಲ್ಲಿ ಒಂದಕ್ಕೆ ಆಟಗಾರನ ಬಾಳನ್ನು ಹೊಂದಿಸಲಾಗುತ್ತದೆ. ಹೊಂದದ ಭಾಗ ಕತ್ತರಿಗೆ ಸಿಗುತ್ತದೆ. ಹರಿಹರನ ನಂಬಿಯಣ್ಣನ ರಗಳೆಯನ್ನು ಪಾಠ ಹೇಳಿದವರಿಗೆ ಇಲ್ಲಿನ ಬಡತನ ಕೂಡಲೇ ಕಾಣುತ್ತದೆ. ಅಲ್ಲಿ ಭೋಗವೂ ಭಕ್ತಿಯೂ ಒಂದೇ ಬಾಳಿನಲ್ಲಿ ಜೊತೆಗಿರುತ್ತವೆ. ಒಂದು ಇನ್ನೊಂದಕ್ಕೆ ಪ್ರಾಯಶ್ಚಿತ್ತವಾಗಿ ಬರುವುದಿಲ್ಲ. ಕ್ರೀಡಾಪುಟದ ನಾಯಕನಿಗೆ ಅಂತಹ ಅವಕಾಶ ಇಲ್ಲ.

ಅಲೆನ್ ಐವರ್ಸನ್ ಅವರ ಪ್ರಕರಣ ಈ ದೃಷ್ಟಿಯಿಂದ ವಿವರವಾದ ಪರಿಶೀಲನೆಗೆ ಅರ್ಹವಾದುದು. 1993ರಲ್ಲಿ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್ ಪಟ್ಟಣದ ಬೌಲಿಂಗ್ ಆಟದ ಕೇಂದ್ರವೊಂದರಲ್ಲಿ ಕಪ್ಪು ಮತ್ತು ಬಿಳಿ ಯುವಕರ ನಡುವೆ ಹೊಡೆದಾಟ ನಡೆಯಿತು. ಹದಿನೇಳರ ಹರೆಯದ ಐವರ್ಸನ್ ಬಂಧಿತರಾಗಿ, ವಯಸ್ಕರೆಂದೇ ಪರಿಗಣಿತರಾಗಿ, ಶಿಕ್ಷೆಗೆ ಒಳಗಾದರು. ಅವರ ಮೇಲೆ ಹೊರಿಸಿದ್ದು ಗುಂಪುಗೂಡಿ ಅಂಗಹೀನಗೊಳಿಸಿದ ಆರೋಪ. ಮೂಲತಃ ಕಪ್ಪು ಜನರನ್ನು ಗುಂಪುಹತ್ಯೆಯಿಂದ ರಕ್ಷಿಸುವುದಕ್ಕಾಗಿ ಇದ್ದ ಶಾಸನವೊಂದು ಕಪ್ಪು ಹುಡುಗರ ವಿರುದ್ಧವೇ ಬಳಕೆಯಾದದ್ದು ಗಮನಾರ್ಹ. ಆ ವರ್ಷದ ಕೊನೆಯಲ್ಲಿ ರಾಜ್ಯಪಾಲ ಡಗ್ಲಸ್ ವೈಲ್ಡರ್ ಅವರು ಶಿಕ್ಷೆಯಿಂದ ಬಿಡುಗಡೆ ನೀಡಿದರು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ತೀರ್ಪನ್ನೇ ರದ್ದುಗೊಳಿಸಿತು. ಆದರೆ ಸುದ್ದಿ ಒಮ್ಮೆ ಕೊಟ್ಟ ಹೆಸರನ್ನು ನ್ಯಾಯಾಲಯ ಕಳೆಯಲಾರದು. ವೃತ್ತಿಜೀವನದುದ್ದಕ್ಕೂ ಅವರ ಜಡೆಗೂದಲು, ಹಚ್ಚೆ, ಗೆಳೆಯರ ಬಳಗ ಇವೆಲ್ಲ ಅದೇ ಹಳೆಯ ಪ್ರಕರಣದ ಸಾಕ್ಷ್ಯಗಳೋ ಎಂಬಂತೆ ಓದಲ್ಪಟ್ಟವು. 1999–2000ರ ಋತುವಿನಲ್ಲಿ ಎನ್‌ಬಿಎಯ ಅಧಿಕೃತ ಪತ್ರಿಕೆ ‘ಹೂಪ್’ ತನ್ನ ಮುಖಪುಟದ ಚಿತ್ರದಲ್ಲಿ ಅವರ ಹಚ್ಚೆಗಳನ್ನು ಅಳಿಸಿ ಪ್ರಕಟಿಸಿತು. ಆಟ ಬೇಕು, ಆಡುವ ಮೈಯ ಮೇಲಿನ ಬರಹ ಬೇಡ!

2002ರ ಮೇ 7ರಂದು ಐವರ್ಸನ್ ನಡೆಸಿದ ಪತ್ರಿಕಾಗೋಷ್ಠಿ ಕ್ರೀಡಾ ಮಾಧ್ಯಮದ ಇತಿಹಾಸದಲ್ಲಿ ಪ್ರಸಿದ್ಧವಾದುದು. ಅವರ ಫಿಲಡೆಲ್ಫಿಯಾ ತಂಡ ಮೊದಲ ಸುತ್ತಿನಲ್ಲಿಯೇ ಬಾಸ್ಟನ್‌ಗೆ ಸೋತಿತ್ತು. ಅವರು ಅಭ್ಯಾಸಕ್ಕೆ ಸರಿಯಾಗಿ ಬರುವುದಿಲ್ಲವೆಂಬ ದೂರು ತರಬೇತುದಾರರಿಂದ ಬಂದಿತ್ತು. ಪ್ರಶ್ನೆಗಳು ಮತ್ತೆ ಮತ್ತೆ ಅಲ್ಲಿಗೇ ಬಂದು ನಿಂತಾಗ ಐವರ್ಸನ್ ‘ಅಭ್ಯಾಸ’ ಎಂಬ ಒಂದೇ ಪದವನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಉಚ್ಚರಿಸಿದರು. ಅರ್ಧ ಗಂಟೆಯ ಆಸುಪಾಸಿನ ಆ ಗೋಷ್ಠಿಯಿಂದ ದೂರದರ್ಶನ ವಾಹಿನಿಗಳು ಆರಿಸಿಕೊಂಡದ್ದು ಈ ಕೆಲವು ನಿಮಿಷಗಳನ್ನು ಮಾತ್ರ. ಸೋಮಾರಿಯೂ ಉದ್ಧಟನೂ ಆದ ಧನಿಕ ಆಟಗಾರನ ಚಿತ್ರ ಅಲ್ಲಿಗೆ ಪೂರ್ಣವಾಯಿತು. ಆದರೆ ಅದೇ ಗೋಷ್ಠಿಯಲ್ಲಿ ಅವರು ತಮ್ಮ ಆಪ್ತ ಗೆಳೆಯ ಸತ್ತುಹೋಗಿರುವುದನ್ನೂ, ಅದರ ಮೇಲೆ ಈ ಸೋಲು ಬಂದುದನ್ನೂ ಹೇಳಿಕೊಂಡಿದ್ದರು. ಆ ಗೆಳೆಯ 2001ರ ಅಕ್ಟೋಬರ್‌ನಲ್ಲಿ ಗುಂಡೇಟಿಗೆ ಬಲಿಯಾಗಿದ್ದ. ಶೋಕದ ನಡುವೆ ಇರುವ ಮನುಷ್ಯನೊಬ್ಬನನ್ನು ಹಾಜರಿಯ ಬಗ್ಗೆ ಪ್ರಶ್ನಿಸಲಾಗುತ್ತಿತ್ತು ಎಂಬುದು ತಿಳಿದ ಮೇಲೆ ಆ ಪದದ ಪುನರುಕ್ತಿ ಬೇರೆಯೇ ಧ್ವನಿಯಲ್ಲಿ ಕೇಳಿಸುತ್ತದೆ. ವಾಚ್ಯಾರ್ಥವನ್ನು ಮಾತ್ರ ಉಳಿಸಿಕೊಂಡು ಧ್ವನಿಯನ್ನು ಕತ್ತರಿಸಿದ ಸಂಕಲನವಿದು. ಸುಳ್ಳನ್ನು ಪ್ರಸಾರ ಮಾಡಲಿಲ್ಲ ಎಂದು ವಾಹಿನಿಗಳು ಹೇಳಿಕೊಳ್ಳಬಹುದು. ಅದು ನಿಜವೂ ಹೌದು. ಆಡಿದ ಮಾತುಗಳನ್ನೇ ಬಳಸಿ ಆಡಿದವನನ್ನು ಇಲ್ಲವಾಗಿಸುವ ವಿಧಾನ ಇದಾದುದರಿಂದಲೇ ಇದನ್ನು ನಿರಾಕರಿಸುವುದು ಕಷ್ಟ.

ಕಥನದ ಈ ಒತ್ತಡ ಕೇವಲ ಪತ್ರಿಕೆಗಳಲ್ಲಿ ಉಳಿಯದೆ ಸಂಸ್ಥೆಯ ಶಾಸನವಾಗಿಯೂ ರೂಪುಗೊಂಡಿತು. 2004ರ ನವೆಂಬರ್ 19ರಂದು ಡೆಟ್ರಾಯಿಟ್ ಬಳಿಯ ಕ್ರೀಡಾಂಗಣದಲ್ಲಿ ಆಟಗಾರರಿಗೂ ಪ್ರೇಕ್ಷಕರಿಗೂ ಹೊಡೆದಾಟವಾದ ದೃಶ್ಯಗಳು ಪದೇ ಪದೇ ಪ್ರಸಾರವಾದವು. ಮರುವರ್ಷ ಅಕ್ಟೋಬರ್‌ನಲ್ಲಿ ಎನ್‌ಬಿಎ ಆಯುಕ್ತ ಡೇವಿಡ್ ಸ್ಟರ್ನ್ ಅವರು ಆಟಗಾರರಿಗೆ ವಸ್ತ್ರಸಂಹಿತೆಯನ್ನು ಜಾರಿಗೆ ತಂದರು. ತಂಡದ ಕೆಲಸದಲ್ಲಿರುವಾಗ ತೋಳಿಲ್ಲದ ಅಂಗಿ, ಚಡ್ಡಿ, ಉಡುಪಿನ ಮೇಲೆ ಕಾಣುವ ಸರ, ಒಳಾಂಗಣದಲ್ಲಿ ಕಪ್ಪು ಕನ್ನಡಕ ಮುಂತಾದವು ನಿಷಿದ್ಧವಾದವು. ಇವೆಲ್ಲ ಹಿಪ್‌ಹಾಪ್ ಸಂಸ್ಕೃತಿಯ ಗುರುತುಗಳು ಎಂಬುದು ಆಟಗಾರರಿಗೆ ಹೊಳೆಯದೇ ಹೋಗಲಿಲ್ಲ. ಸ್ಟೀಫನ್ ಜ್ಯಾಕ್ಸನ್ ಇದನ್ನು ಜನಾಂಗೀಯ ತಾರತಮ್ಯವೆಂದೇ ಕರೆದರು. ಮುಂದೆ ನಡೆದದ್ದು ವಿಚಿತ್ರ. ಕ್ರೀಡಾಂಗಣದ ಬಾಗಿಲಿನಿಂದ ವಸ್ತ್ರ ಬದಲಾಯಿಸುವ ಕೋಣೆಯವರೆಗಿನ ಓಣಿಯೇ ಮುಂದಿನ ದಶಕದಲ್ಲಿ ಫ್ಯಾಷನ್ ವೇದಿಕೆಯಾಯಿತು. ರಸೆಲ್ ವೆಸ್ಟ್‌ಬ್ರೂಕ್ ಅವರಂಥವರ ಉಡುಪು ಪಂದ್ಯಕ್ಕಿಂತ ಮೊದಲೇ ಸುದ್ದಿಯಾಗತೊಡಗಿತು. ದೇಹವನ್ನು ಶಿಸ್ತಿಗೊಳಪಡಿಸಿದ ನಿಯಮವನ್ನು ಆಟಗಾರರು ತಮ್ಮದೇ ಪ್ರದರ್ಶನವಾಗಿ ಮಾರ್ಪಡಿಸಿಕೊಂಡರು ಎನ್ನಬಹುದು. ಮಾಧ್ಯಮಕ್ಕೆ ಇನ್ನೊಂದು ಸರಕು ಸಿಕ್ಕಿತು ಎಂದೂ ಹೇಳಬಹುದು.

ಎಲ್ಲರೂ ಆರಾಧಿಸುವ ಆಟಗಾರನೂ ಇದರಿಂದ ಪಾರಾಗಲಿಲ್ಲ. 1993ರ ಬೇಸಗೆಯಲ್ಲಿ ಮೈಕೆಲ್ ಜೋರ್ಡನ್ ಅವರ ತಂದೆ ಕೊಲೆಯಾದರು. ಅದೇ ವರ್ಷ ಜೋರ್ಡನ್ ಅವರ ಜೂಜಿನ ಹವ್ಯಾಸ ಚರ್ಚೆಯಲ್ಲಿತ್ತು. ಎರಡನ್ನೂ ಜೋಡಿಸಿ ಕಾರಣ–ಪರಿಣಾಮದ ಕತೆ ಹೆಣೆಯಲು ಕೆಲವು ಬರಹಗಾರರಿಗೆ ಯಾವ ಆಧಾರವೂ ಬೇಕಾಗಲಿಲ್ಲ. ಜೂಜಿಗೆ ಸಂಬಂಧವೇ ಇಲ್ಲದ ಇಬ್ಬರು ಯುವಕರು ಬಂಧಿತರಾದ ನಂತರವೂ ಆ ಶಂಕೆ ಅಳಿಯಲಿಲ್ಲ. ಜೋರ್ಡನ್ ಅದೇ ಅಕ್ಟೋಬರ್‌ನಲ್ಲಿ ನಿವೃತ್ತಿ ಘೋಷಿಸಿ ಬೇಸ್‌ಬಾಲ್ ಆಡಲು ಹೋದಾಗ, 1994ರ ಮಾರ್ಚ್‌ನಲ್ಲಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ತನ್ನ ಮುಖಪುಟದಲ್ಲಿ ಅವರನ್ನು ಗೇಲಿ ಮಾಡಿತು. ಮಗ ಬೇಸ್‌ಬಾಲ್ ಆಡಬೇಕೆಂಬುದು ತಂದೆಯ ಆಸೆಯಾಗಿತ್ತು ಎಂಬ ಅಂಶಕ್ಕೆ ಆ ಗೇಲಿಯಲ್ಲಿ ಸ್ಥಳವಿರಲಿಲ್ಲ. ಜೋರ್ಡನ್ ಆಮೇಲೆ ಆ ಪತ್ರಿಕೆಯೊಂದಿಗೆ ಮಾತು ಬಿಟ್ಟರು.

ಐವರ್ಸನ್, ಜೋರ್ಡನ್ ಇಬ್ಬರ ಪ್ರಕರಣದಲ್ಲಿಯೂ ಕತ್ತರಿಗೆ ಸಿಕ್ಕಿದ್ದು ಆಟಗಾರನ ದುಃಖ. ಕೋಬಿ ಬ್ರಯಂಟ್ ಅವರ ಪ್ರಕರಣದಲ್ಲಿ ಕತ್ತರಿಗೆ ಸಿಕ್ಕಿದ್ದು ಬೇರೊಬ್ಬರ ಬಾಳು. 2003ರಲ್ಲಿ ಕೊಲೊರಾಡೊದಲ್ಲಿ ಯುವತಿಯೊಬ್ಬರು ಬ್ರಯಂಟ್ ವಿರುದ್ಧ ಅತ್ಯಾಚಾರದ ದೂರು ನೀಡಿದರು. ದೂರುದಾರರು ಸಾಕ್ಷ್ಯ ನುಡಿಯಲು ಮುಂದಾಗದ ಕಾರಣ 2004ರ ಸೆಪ್ಟೆಂಬರ್‌ನಲ್ಲಿ ಮೊಕದ್ದಮೆ ಕೈಬಿಡಲಾಯಿತು. 2005ರಲ್ಲಿ ಸಿವಿಲ್ ದಾವೆ ರಾಜಿಯಲ್ಲಿ ಮುಗಿಯಿತು. ಆ ಘಟನೆಯನ್ನು ಸಮ್ಮತಿಯದೆಂದು ತಾವು ಭಾವಿಸಿದ್ದರೂ ಆಕೆ ಹಾಗೆ ಭಾವಿಸಿರಲಿಲ್ಲ ಎಂಬುದನ್ನು ಬ್ರಯಂಟ್ ತಮ್ಮ ಹೇಳಿಕೆಯಲ್ಲಿ ಒಪ್ಪಿಕೊಂಡಿದ್ದರು. ಮುಂದಿನ ವರ್ಷಗಳ ಕಥನದಲ್ಲಿ ಇದು ನಾಯಕನು ದಾಟಿಬಂದ ‘ಸಂಕಷ್ಟದ ಕಾಲ’ವಾಗಿ ಮಾತ್ರ ಉಳಿಯಿತು. 2020ರ ಜನವರಿ 26ರಂದು ಬ್ರಯಂಟ್ ಮತ್ತು ಅವರ ಹದಿಮೂರು ವರ್ಷದ ಮಗಳೂ ಸೇರಿ ಒಂಬತ್ತು ಮಂದಿ ಹೆಲಿಕಾಪ್ಟರ್ ಅಪಘಾತದಲ್ಲಿ ಮೃತಪಟ್ಟಾಗ ಹೆಣ್ಣುಮಕ್ಕಳ ಅಕ್ಕರೆಯ ತಂದೆ ಎಂಬ ಚಿತ್ರ ಎಲ್ಲೆಡೆ ವ್ಯಾಪಿಸಿತು. ಆ ದಿನ ಹಳೆಯ ಪ್ರಕರಣದ ವರದಿಯೊಂದರ ಕೊಂಡಿಯನ್ನು ಟ್ವಿಟರ್‌ನಲ್ಲಿ ಹಂಚಿದ ‘ವಾಷಿಂಗ್ಟನ್ ಪೋಸ್ಟ್’ ವರದಿಗಾರ್ತಿ ಬೆದರಿಕೆಗಳನ್ನು ಎದುರಿಸಿದರು. ಪತ್ರಿಕೆ ಅವರನ್ನು ಅಮಾನತಿನಲ್ಲಿಟ್ಟು, ಸಹೋದ್ಯೋಗಿಗಳ ಪ್ರತಿಭಟನೆಯ ನಂತರ ಮರಳಿ ಕರೆದುಕೊಂಡಿತು. ತಂದೆಯ ಪ್ರೀತಿ ನಿಜವಿರಬಹುದು, ದೂರೂ ನಿಜವಿರಬಹುದು. ಎರಡನ್ನೂ ಒಂದೇ ವಾಕ್ಯದಲ್ಲಿ ಹಿಡಿದಿಡುವ ವ್ಯಾಕರಣ ಮಾಧ್ಯಮದ ಬಳಿ ಇರಲಿಲ್ಲ. ಈ ಲೋಕದಲ್ಲಿ ಹೆಣ್ಣಿಗೆ ದೊರೆಯುವ ಇನ್ನೊಂದು ಸ್ಥಾನ ಯಾವುದೆಂಬುದನ್ನು 2010ರಲ್ಲಿ ಆರಂಭವಾದ ‘ಬ್ಯಾಸ್ಕೆಟ್‌ಬಾಲ್ ವೈವ್ಸ್’ ಎಂಬ ರಿಯಾಲಿಟಿ ಸರಣಿ ತೋರಿಸುತ್ತದೆ: ಜಗಳವಾಡುವ ಮಡದಿ ಅಥವಾ ಮಾಜಿ ಸಂಗಾತಿ.

ಲೇಖನಿ ಆಟಗಾರನ ಕೈಗೇ ಬಂದರೆ ಈ ಸ್ಥಿತಿ ಬದಲಾಗುವುದೇ? 2010ರ ಜುಲೈ 8ರಂದು ಲೆಬ್ರಾನ್ ಜೇಮ್ಸ್ ಅವರು ತಾವು ಕ್ಲೀವ್‌ಲ್ಯಾಂಡ್ ಬಿಟ್ಟು ಮಯಾಮಿಗೆ ಹೋಗುವುದನ್ನು ಇಎಸ್‌ಪಿಎನ್ ವಾಹಿನಿಯ ವಿಶೇಷ ಕಾರ್ಯಕ್ರಮದಲ್ಲಿ ತಾವೇ ಪ್ರಕಟಿಸಿದರು. ಜಾಹೀರಾತಿನ ಹಣ ಮಕ್ಕಳ ಸಂಸ್ಥೆಗೆ ಹೋಯಿತು. ಕ್ಲೀವ್‌ಲ್ಯಾಂಡಿನ ಬೀದಿಗಳಲ್ಲಿ ಅವರ ಹೆಸರಿನ ಅಂಗಿಗಳು ಸುಟ್ಟುಹೋದವು. ಅಲ್ಲಿಯ ತಂಡದ ಮಾಲೀಕರು ಬರೆದ ಬಹಿರಂಗ ಪತ್ರದಲ್ಲಿ ಒಡೆಯನಿಂದ ತಪ್ಪಿಸಿಕೊಂಡ ಗುಲಾಮನ ಮೇಲಿನ ಸಿಟ್ಟಿದೆ ಎಂದು ಜೆಸ್ಸಿ ಜ್ಯಾಕ್ಸನ್ ಟೀಕಿಸಿದರು. ನಾಲ್ಕು ವರ್ಷಗಳ ಮೇಲೆ ಅದೇ ಜೇಮ್ಸ್ ತವರಿಗೆ ಮರಳುವ ನಿರ್ಧಾರವನ್ನು ಪತ್ರಿಕೆಯೊಂದರಲ್ಲಿ ಪ್ರಬಂಧರೂಪದಲ್ಲಿ ಪ್ರಕಟಿಸಿದಾಗ ಎಲ್ಲರಿಗೂ ಮೆಚ್ಚಿಗೆಯಾಯಿತು. ಎರಡೂ ಸಲ ಒಬ್ಬ ನೌಕರ ತನ್ನ ಕೆಲಸದ ಸ್ಥಳವನ್ನು ಆರಿಸಿಕೊಂಡಿದ್ದ, ಅಷ್ಟೆ. ಎರಡನೆಯದು ಮರಳಿ ಬಂದ ಮಗನ ಕತೆಯ ಅಚ್ಚಿಗೆ ಹೊಂದಿತು. 2020ರಲ್ಲಿ ಹತ್ತು ಕಂತುಗಳಲ್ಲಿ ಪ್ರಸಾರವಾದ ‘ದಿ ಲಾಸ್ಟ್ ಡಾನ್ಸ್’ ಸಾಕ್ಷ್ಯಚಿತ್ರದ ನಿರ್ಮಾಣದಲ್ಲಿ ಜೋರ್ಡನ್ ಅವರ ಸಂಸ್ಥೆಯೇ ಪಾಲುದಾರ. ಜೂಜಿನ ಪ್ರಸಂಗವೂ ತಂದೆಯ ಸಾವೂ ಅಲ್ಲಿ ಮರಳಿ ಬರುತ್ತವೆ, ಈ ಬಾರಿ ನಾಯಕನ ಕಡೆಯಿಂದ. ಆ ಹಿಂದಿನ ಕಾಲದ ಪತ್ನಿ ಅಲ್ಲಿ ಮಾತಾಡುವುದಿಲ್ಲ. ಸಹ ಆಟಗಾರ ಸ್ಕಾಟಿ ಪಿಪ್ಪೆನ್ 2021ರ ತಮ್ಮ ಆತ್ಮಕಥೆಯಲ್ಲಿ ತಮ್ಮನ್ನು ಚಿತ್ರಿಸಿದ ರೀತಿಯನ್ನು ಪ್ರತಿಭಟಿಸಿದರು. ಕತ್ತರಿ ಕೈಬದಲಾಯಿಸಿತ್ತು, ಕತ್ತರಿಸುವ ಕೆಲಸ ನಿಂತಿರಲಿಲ್ಲ.

ಈ ಅಚ್ಚನ್ನು ಸ್ವಲ್ಪಮಟ್ಟಿಗಾದರೂ ಮೀರಿದ ಉದಾಹರಣೆ 2018ರಲ್ಲಿ ಸಿಗುತ್ತದೆ. ಆ ಫೆಬ್ರವರಿಯಲ್ಲಿ ಡಿಮಾರ್ ಡಿರೋಜ಼ನ್ ಅವರು ಟ್ವಿಟರ್‌ನಲ್ಲಿ ಬರೆದ ಒಂದು ಚಿಕ್ಕ ಸಾಲು, ಅನಂತರ ನೀಡಿದ ಒಂದು ಸಂದರ್ಶನ, ಅವರ ಖಿನ್ನತೆಯನ್ನು ಹೊರಗೆ ತಂದವು. ಮಾರ್ಚ್‌ನಲ್ಲಿ ಕೆವಿನ್ ಲವ್ ಅವರು, ಹಿಂದಿನ ನವೆಂಬರ್‌ನಲ್ಲಿ ಪಂದ್ಯದ ನಡುವೆಯೇ ತಮಗೆ ಉಂಟಾದ ತೀವ್ರ ಭೀತಿಯ ಅನುಭವವನ್ನು ಕುರಿತು ‘ದಿ ಪ್ಲೇಯರ್ಸ್ ಟ್ರಿಬ್ಯೂನ್’ನಲ್ಲಿ ದೀರ್ಘವಾಗಿ ಬರೆದರು. ಅದಕ್ಕೂ ಮೊದಲು, ಜನವರಿಯಲ್ಲಿ ಅವರು ಒಂದು ಪಂದ್ಯವನ್ನು ಅರ್ಧಕ್ಕೆ ಬಿಟ್ಟುಹೋದಾಗ ಸಹ ಆಟಗಾರರೇ ಕಾರಣ ಕೇಳಿದ್ದರು. ಇವರ ಮಾತುಗಳಲ್ಲಿ ಪತನವಾಗಲಿ ವಿಜಯವಾಗಲಿ ಇರಲಿಲ್ಲ. ಕಾಯಿಲೆ ಗುಣವಾಯಿತೆಂಬ ಮುಕ್ತಾಯವೂ ಇರಲಿಲ್ಲ. ಎನ್‌ಬಿಎ 2019–20ರ ಋತುವಿನಿಂದ ಪ್ರತಿ ತಂಡವೂ ಮಾನಸಿಕ ಆರೋಗ್ಯ ತಜ್ಞರ ಸೇವೆಯನ್ನು ಒದಗಿಸಬೇಕೆಂದು ಕಡ್ಡಾಯ ಮಾಡಿತು. ಆದರೆ ಅದೇ 2018ರ ಫೆಬ್ರವರಿಯಲ್ಲಿ ಜೇಮ್ಸ್ ಅವರು ರಾಜಕೀಯ ಮಾತಾಡಿದ್ದಕ್ಕಾಗಿ ಫಾಕ್ಸ್ ನ್ಯೂಸ್‌ನ ನಿರೂಪಕಿ ಲಾರಾ ಇಂಗ್ರಹಾಂ, ಬಾಯಿ ಮುಚ್ಚಿಕೊಂಡು ಚೆಂಡಾಡುವಂತೆ ಅಪ್ಪಣೆ ಮಾಡಿದ್ದರು. ಆಟಗಾರನು ನೋವು ಹೇಳಿಕೊಂಡರೆ ಮರುಕ, ಅಭಿಪ್ರಾಯ ಹೇಳಿದರೆ ಮುನಿಸು. ಒಂದೇ ತಿಂಗಳಿನ ಈ ಎರಡು ಪ್ರತಿಕ್ರಿಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಐವರ್ಸನ್ ಅವರಿಗೆ ನೋವು ಹೇಳಿಕೊಂಡಾಗಲೂ ಆ ಮರುಕ ಸಿಕ್ಕಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ತಂಡ ಅವರ ಪ್ರತಿಮೆಯನ್ನು ಅನಾವರಣಗೊಳಿಸಿತು. ಅದನ್ನು ನಿಲ್ಲಿಸಿದ್ದು ಕ್ಯಾಮ್ಡೆನ್ ಪಟ್ಟಣದಲ್ಲಿರುವ ತಂಡದ ಅಭ್ಯಾಸ ಕೇಂದ್ರದ ಆವರಣದಲ್ಲಿ. ವರದಿಗಳು ಇಪ್ಪತ್ತೆರಡು ವರ್ಷ ಹಳೆಯದಾದ ಆ ಒಂದು ಪದವನ್ನು ಮತ್ತೆ ಎತ್ತಿಕೊಂಡು ವಿನೋದ ಮಾಡಿದವು.