ಅಂಕಿ ಸಣ್ಣದು, ಅಂತರ ದೊಡ್ಡದು

2024ರ ಡಿಸೆಂಬರ್ 4: ತೆಲಂಗಾಣದ ಮುಲುಗು ಜಿಲ್ಲೆಯಲ್ಲಿ 5.3ರ ಭೂಕಂಪ. ಹೈದರಾಬಾದ್‌ ಕೂಡ ನಡುಗಿತು. ಮೂರೇ ದಿನಕ್ಕೆ ಅದೇ ರಾಜ್ಯದ ಮಹಬೂಬ್‌ನಗರ ಜಿಲ್ಲೆಯಲ್ಲಿ 3.0ರ ಕಂಪನ. ಅಂಕಿಯಲ್ಲಿ ಅಂತರ ಬರೀ 2.3. ಹೊಮ್ಮಿದ ಶಕ್ತಿಯಲ್ಲಿ? ಸುಮಾರು 2,800 ಪಟ್ಟು!

5.3, 3.0ರಂಥ ಅಂಕಿ ಬರೋದು ಹೇಗೆ? ಭೂಮಿಯೊಳಗೆ ಬಂಡೆ ಎಷ್ಟು ವಿಸ್ತೀರ್ಣಕ್ಕೆ ಸೀಳಿತು, ಎಷ್ಟು ಜಾರಿತು, ಎಷ್ಟು ಗಟ್ಟಿಯಿತ್ತು – ಈ ಮೂರರ ಗುಣಲಬ್ಧವೇ ಭೂಕಂಪದ ನಿಜವಾದ ಗಾತ್ರ; ಅಂಕಿ ಹೇಳಬೇಕಾದ್ದು ಅದನ್ನೇ. ಸಣ್ಣ ಸೀಳಿನಿಂದ ಹೆಚ್ಚಾಗಿ ಪಟಪಟನೆ ಅದುರಿಸುವ ಗಿಡ್ಡ ಅಲೆಗಳು. ದೊಡ್ಡ ಸೀಳಿನಿಂದ ಮೆಲ್ಲಗೆ ತೂಗಾಡಿಸುವ ಉದ್ದ ಅಲೆಗಳೂ ಏಳುತ್ತವೆ. ಗಿಡ್ಡ ಅಲೆಗಳನ್ನಷ್ಟೇ ಅಳೆದರೆ, ಬಹುದೊಡ್ಡ ಭೂಕಂಪದ ಅಂಕಿ ಕಡಿಮೆಯೇ ಬರುತ್ತದೆ.

ಇನ್ನೊಂದು ಮಾತು: ಸೀಳು ನೆಲಕ್ಕೆ ಹತ್ತಿರವಿದ್ದಷ್ಟೂ ಮೇಲಿನ ಊರಿಗೆ ಹೊಡೆತ ಜೋರು. ಅಂಕಿ ಎಷ್ಟೇ ಇರಲಿ, ನೆಲ ಅದುರಿದರೆ ಗಟ್ಟಿ ಮೇಜಿನಡಿ ಸೇರಿ, ತಲೆ ಕಾಪಾಡಿಕೊಳ್ಳಿ.